ಕುದುರೆ ಹೋದರೂ ಲಗಾಮು ಬಿಡದವರು

ಫೆಬ್ರುವರಿಯ ಕೊನೆಯ ದಿನ ಸಂಜೆ ಐದು ಗಂಟೆಗೆ ಮನೆಯ ಹಿರಿಯರು ರೇಡಿಯೊದ ಬಳಿ, ಟಿ.ವಿ. ಬಂದ ಮೇಲೆ ಟಿ.ವಿ.ಯ ಮುಂದೆ, ಕಿವಿ ನೆಟ್ಟು ಕೂರುತ್ತಿದ್ದದ್ದು ಇಂದಿನ ತಂದೆತಾಯಂದಿರಿಗೆ ನೆನಪಿರಬಹುದು. ಕೇಂದ್ರ ಸರ್ಕಾರದ ಬಜೆಟ್ ಮಂಡನೆಯಾಗುವ ಹೊತ್ತು ಅದು. ಸೀಮೆಎಣ್ಣೆ ಎಷ್ಟಾಯಿತು, ಸಿಗರೇಟು ಎಷ್ಟಾಯಿತು, ಆದಾಯ ತೆರಿಗೆಯಲ್ಲಿ ಏನಾದರೂ ಬಿಟ್ಟರೇ ಎಂಬ ಕುತೂಹಲ ಎಲ್ಲರಿಗೂ. ಆದರೆ ಬೆಳಿಗ್ಗೆಯಿಂದ ಇಡೀ ದಿನ ಕೈಯಲ್ಲಿರುವಾಗ, ಕಚೇರಿಗಳು ಬಾಗಿಲು ಹಾಕುವ ಹೊತ್ತಿಗೇ ಏಕೆ ಬಜೆಟ್ ಎಂದು ಕೇಳಿದವರು ಕಡಿಮೆ.

ಅದಕ್ಕೆ ಎರಡು ಕಾರಣ ಹೇಳುತ್ತಾರೆ. 1924ರಲ್ಲಿ ಬ್ರಿಟಿಷ್ ಭಾರತ ಸರ್ಕಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಸರ್ ಬೇಸಿಲ್ ಬ್ಲ್ಯಾಕೆಟ್ ಅವರು, ರಾತ್ರಿಯೆಲ್ಲ ಕೂತು ಲೆಕ್ಕಪತ್ರ ಸಿದ್ಧಪಡಿಸಿದ ಅಧಿಕಾರಿಗಳಿಗೆ ತುಸು ವಿಶ್ರಾಂತಿ ಸಿಗಲೆಂದು ಸಂಜೆಯ ಹೊತ್ತನ್ನು ಗೊತ್ತುಮಾಡಿದರು ಎಂಬುದು ಒಂದು. ಇಲ್ಲಿ ಸಂಜೆ ಐದಾದಾಗ ಲಂಡನ್ನಿನಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಅಲ್ಲಿನ ದೊರೆಗಳಿಗೆ ಅನುಕೂಲವಾದ ಹೊತ್ತು ಎಂಬುದು ಇನ್ನೊಂದು. ಯಾವುದೇ ನಿಜವಿರಲಿ, 1947ರಲ್ಲಿ ದೊರೆಗಳು ಹೋದರು. ಐದು ಗಂಟೆ ಮಾತ್ರ ಹೋಗಲಿಲ್ಲ. ಮತ್ತೆ ಐವತ್ತೊಂದು ವರ್ಷ ನಮ್ಮ ಹಣಕಾಸು ಸಚಿವರುಗಳು ಸಂಜೆ ಐದಕ್ಕೇ ಎದ್ದು ನಿಂತು ಬಜೆಟ್ ಓದಿದರು. 1999ರಲ್ಲಿ ಯಶವಂತ ಸಿನ್ಹಾ ಅವರು ಬೆಳಿಗ್ಗೆ ಹನ್ನೊಂದಕ್ಕೆ ಮಂಡಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಈ ರೂಢಿಯಿಂದ ದೊಡ್ಡ ನಷ್ಟವಾಯಿತು ಎನ್ನುವಂತಿಲ್ಲ. ಸಂಸತ್ತಿನ ನೌಕರರು ಮನೆಗೆ ತಡವಾಗಿ ಹೋದರು, ಪತ್ರಿಕಾ ಕಚೇರಿಗಳಲ್ಲಿ ರಾತ್ರಿ ಗಡಿಬಿಡಿಯಾಯಿತು, ಅಷ್ಟೆ. ಆದರೆ ರೂಢಿ ಎಲ್ಲ ಕಡೆಯೂ ಇಷ್ಟು ಸಾಧುವಾಗಿರುವುದಿಲ್ಲ. ಅದು ಫಿರಂಗಿಯ ಹಿಂದೆ ಬಂದು ನಿಂತಾಗ ಏನಾಗುತ್ತದೆ ಎಂಬುದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಅಮೆರಿಕದ ನೌಕಾಪಡೆಯ ಪ್ರಸಂಗವೊಂದಿದೆ. ನಾಳೆ ಕೆಲಸಕ್ಕೆ ಸೇರಲಿರುವ ಹುಡುಗ ಹುಡುಗಿಯರು ಅದನ್ನು ತಿಳಿದಿರುವುದು ಒಳ್ಳೆಯದು.

1898ರ ಜುಲೈ 3ರಂದು ಕ್ಯೂಬಾದ ಸ್ಯಾಂಟಿಯಾಗೊ ಬಂದರಿನ ಹೊರಗೆ ಅಮೆರಿಕದ ಯುದ್ಧನೌಕೆಗಳು ಸ್ಪೇನಿನ ನೌಕಾದಳವನ್ನು ನುಚ್ಚುನೂರು ಮಾಡಿದವು. ದೇಶವೆಲ್ಲ ಹಬ್ಬ ಆಚರಿಸಿತು. ಆಮೇಲೆ ಲೆಕ್ಕ ಹಾಕಿದರೆ, ಅಂದು ಅಮೆರಿಕದವರು ಹಾರಿಸಿದ ಗುಂಡುಗಳು ಸುಮಾರು 9,500. ಶತ್ರುವಿನ ಹಡಗಿಗೆ ತಗುಲಿದ್ದು ನೂರಿಪ್ಪತ್ತರ ಆಸುಪಾಸು. ನೂರಕ್ಕೆ ಒಂದೂಕಾಲು! ಪರೀಕ್ಷೆಯಲ್ಲಿ ಇಷ್ಟು ಅಂಕ ತಂದ ಹುಡುಗನನ್ನು ಮನೆಯೊಳಗೆ ಸೇರಿಸುತ್ತಾರೋ ಇಲ್ಲವೋ. ಆದರೆ ಗೆದ್ದವರನ್ನು ಅಂಕಪಟ್ಟಿ ಕೇಳುವವರು ಯಾರು?

ಮರುವರ್ಷ, 1899ರಲ್ಲಿ, ಐದು ಹಡಗುಗಳು ಒಂದು ಅಭ್ಯಾಸ ನಡೆಸಿದವು. ಕಡಲಲ್ಲಿ ದೀಪ ಹೊತ್ತು ದಾರಿ ತೋರುತ್ತಿದ್ದ ಹಳೆಯ ಹಡಗೊಂದನ್ನು ಗುರಿಯಾಗಿ ನಿಲ್ಲಿಸಿ, 1,600 ಗಜ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ದೂರದಿಂದ ಒಂದೊಂದು ಹಡಗೂ ಐದೈದು ನಿಮಿಷ ಗುಂಡು ಹಾರಿಸಿತು. ಇಪ್ಪತ್ತೈದು ನಿಮಿಷ ಮುಗಿದಾಗ ಆ ಮುದಿ ಹಡಗಿನ ಹಾಯಿಗೆ ಎರಡು ಏಟು ಬಿದ್ದಿತ್ತು. ಅಷ್ಟೇ.

ಇದಕ್ಕೆ ನಾವಿಕರ ಸೋಮಾರಿತನ ಕಾರಣವಲ್ಲ. ಉಯ್ಯಾಲೆಯಲ್ಲಿ ಕೂತು ಜೋರಾಗಿ ಜೀಕುತ್ತ ಎದುರಿನ ಮರದ ಮಾವಿನಕಾಯಿಗೆ ಕಲ್ಲು ಹೊಡೆದು ನೋಡಿ, ಕಷ್ಟ ತಿಳಿಯುತ್ತದೆ. ಅಲೆಯ ಮೇಲಿನ ಹಡಗು ಒಂದೇ ಸಮನೆ ಹೊರಳುತ್ತಿರುತ್ತದೆ. ಫಿರಂಗಿಯ ಮೂತಿ ಒಮ್ಮೆ ಆಕಾಶ ನೋಡುತ್ತದೆ, ಒಮ್ಮೆ ನೀರು ನೋಡುತ್ತದೆ. ಹಳೆಯ ಪದ್ಧತಿಯಲ್ಲಿ ಗುರಿಕಾರ ದೂರವನ್ನು ಅಂದಾಜು ಮಾಡಿ ಮೂತಿಯನ್ನು ಒಂದು ಎತ್ತರಕ್ಕೆ ನಿಲ್ಲಿಸುತ್ತಿದ್ದ. ಹಡಗು ಹೊರಳಿ ಗುರಿ ನೇರಕ್ಕೆ ಬರುವ ಆ ಒಂದು ಗಳಿಗೆಗೆ ಕಾಯುತ್ತಿದ್ದ. ಬಂತು ಅನ್ನಿಸಿದಾಗ ಹಾರಿಸುತ್ತಿದ್ದ. ಕಣ್ಣು ಕಂಡು, ಮನಸ್ಸು ನಿರ್ಧರಿಸಿ, ಕೈ ಎಳೆಯುವಷ್ಟರಲ್ಲಿ ಹಡಗು ಮುಂದಕ್ಕೆ ಹೊರಳಿಬಿಟ್ಟಿರುತ್ತಿತ್ತು. ದೂರದರ್ಶಕ ಅಳವಡಿಸಿದ ಫಿರಂಗಿಗಳೂ ಇದ್ದವು. ಆದರೆ ಅದನ್ನು ಫಿರಂಗಿಗೇ ಬಿಗಿದಿದ್ದುದರಿಂದ, ಹಾರಿಸಿದೊಡನೆ ಅದು ಹಿಂದಕ್ಕೆ ಚಿಮ್ಮಿ ಕಣ್ಣಿಗೆ ಗುದ್ದುವ ಭಯ. ಬುದ್ಧಿವಂತರು ಅದರ ಹತ್ತಿರ ಕಣ್ಣು ತರುತ್ತಿರಲಿಲ್ಲ.

ಇದಕ್ಕೆ ಉಪಾಯ ಕಂಡವರು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಪರ್ಸಿ ಸ್ಕಾಟ್. 1898ರಲ್ಲಿ ಅವರು 'ಸಿಲ್ಲಾ' ಎಂಬ ಹಡಗಿನ ನಾಯಕ. ಅಲೆ ಜೋರಾಗಿದ್ದ ಒಂದು ದಿನ ಅಭ್ಯಾಸದಲ್ಲಿ ಎಲ್ಲರ ಗುರಿಯೂ ತಪ್ಪುತ್ತಿತ್ತು, ಒಬ್ಬ ಗುರಿಕಾರನದು ಮಾತ್ರ ತಗುಲುತ್ತಿತ್ತು. ಇನ್ನೊಬ್ಬ ಅಧಿಕಾರಿಯಾಗಿದ್ದರೆ ಅವನ ಬೆನ್ನು ತಟ್ಟಿ, ಉಳಿದವರನ್ನು ಬೈದು ಮುಗಿಸುತ್ತಿದ್ದ. ಸ್ಕಾಟ್ ಅವನ ಕೈಯನ್ನೇ ನೋಡುತ್ತ ನಿಂತರು. ಅವನು ಕಾಯುತ್ತಿರಲಿಲ್ಲ. ಹಡಗು ಹೊರಳಿದಂತೆಲ್ಲ ಫಿರಂಗಿಯ ಚಕ್ರವನ್ನು ಹಿಂದೆ ಮುಂದೆ ತಿರುಗಿಸುತ್ತ ಗುರಿಯನ್ನು ಬಿಡದೆ ಹಿಡಿದಿರುತ್ತಿದ್ದ. ತಾನು ಹೊಸದೇನನ್ನೋ ಮಾಡುತ್ತಿದ್ದೇನೆಂಬ ಅರಿವೂ ಅವನಿಗೆ ಇರಲಿಲ್ಲ.

ತುಂಬಿದ ತಂಬಿಗೆ ಹಿಡಿದು ಹಳ್ಳಿ ರಸ್ತೆಯ ಬಸ್ಸಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಬಸ್ಸು ಕುಕ್ಕುತ್ತದೆ, ಮೈ ಓಲಾಡುತ್ತದೆ, ಆದರೆ ಕೈ ತಂಬಿಗೆಯನ್ನು ಇದ್ದಲ್ಲೇ ಇರಿಸುತ್ತದೆ. ಆ ನಾವಿಕ ಮಾಡುತ್ತಿದ್ದದ್ದೂ ಅದನ್ನೇ. ಅವನಿಗೆ ಸಹಜವಾಗಿ ಬಂದದ್ದನ್ನು ಸ್ಕಾಟ್ ಎಲ್ಲರಿಗೂ ಬರುವಂತೆ ಮಾಡಿದರು. ಚಕ್ರ ಹಗುರವಾಗಿ, ಬೇಗ ತಿರುಗುವಂತೆ ಹಲ್ಲುಗಾಲಿಗಳನ್ನು ಬದಲಿಸಿದರು. ಕಣ್ಣಿಗೆ ಗುದ್ದದಂತೆ ದೂರದರ್ಶಕವನ್ನು ಬೇರೆ ರೀತಿಯಲ್ಲಿ ಕೂರಿಸಿದರು. ಗುಂಡು ಖರ್ಚಾಗದೆ ದಿನವೂ ಅಭ್ಯಾಸ ಮಾಡಲು ಒಂದು ಸಣ್ಣ ಸಾಧನ ಕಟ್ಟಿದರು. ಇದರಲ್ಲಿ ಯಾವ ಭಾಗವೂ ಹೊಸದಾಗಿ ಹುಟ್ಟಿದ್ದಲ್ಲ. ಹಲ್ಲುಗಾಲಿ ಇತ್ತು, ದೂರದರ್ಶಕ ಇತ್ತು, ಜನ ಇದ್ದರು. ಅವನ್ನು ಒಟ್ಟಿಗೆ ಕಂಡ ಕಣ್ಣು ಮಾತ್ರ ಹೊಸದು. 1899ರಲ್ಲಿ 'ಸಿಲ್ಲಾ' ಹಾರಿಸಿದ ನೂರಕ್ಕೆ ಎಂಬತ್ತು ಗುಂಡುಗಳು ಗುರಿ ಮುಟ್ಟಿದವು.

ಸ್ಕಾಟ್ ಅವರನ್ನು 'ಟೆರಿಬಲ್' ಎಂಬ ಇನ್ನೊಂದು ಹಡಗಿಗೆ ಹಾಕಿ ಚೀನಾದ ಕಡೆ ಕಳಿಸಿದರು. ಅಲ್ಲಿ 1900ರಲ್ಲಿ ಅವರನ್ನು ಕಂಡವನು ಅಮೆರಿಕದ ನೌಕಾಪಡೆಯ ಒಬ್ಬ ಕಿರಿಯ ಅಧಿಕಾರಿ, ಲೆಫ್ಟಿನೆಂಟ್ ವಿಲಿಯಂ ಸಿಮ್ಸ್. ಉತ್ಸಾಹಿ, ಮುಂಗೋಪಿ, ತಪ್ಪು ಕಂಡರೆ ಸುಮ್ಮನಿರಲಾರದ ಜಾತಿ. ಸ್ಕಾಟ್ ಅವರಿಂದ ಎಲ್ಲವನ್ನೂ ಕಲಿತು, ತನ್ನ ಹಡಗಿನಲ್ಲೇ ಅಳವಡಿಸಿ ನೋಡಿ, ಫಲಿತಾಂಶ ಕೈಗೆ ಬಂದ ಮೇಲೆ ವಾಷಿಂಗ್ಟನ್ನಿಗೆ ವರದಿ ಬರೆಯತೊಡಗಿದ. ಎರಡು ವರ್ಷಗಳಲ್ಲಿ ಹದಿಮೂರು ವರದಿ. ಪುಟಗಟ್ಟಲೆ ಅಂಕಿಅಂಶ: ಬ್ರಿಟಿಷರದು ಇಷ್ಟು, ನಮ್ಮದು ಇಷ್ಟು, ಕಾರಣ ಇದು, ಪರಿಹಾರ ಇದು.

ಮೊದಲು ಬಂದ ಉತ್ತರ ಮೌನ. ವರದಿಗಳು ಕಡತಕ್ಕೆ ಸೇರಿದವು. ಮುಂದೆ ಹುಡುಕಿದಾಗ ಅವುಗಳಲ್ಲಿ ಕೆಲವನ್ನು ಜಿರಲೆಗಳು ಅರ್ಧ ತಿಂದಿದ್ದು ಸಿಕ್ಕಿತಂತೆ. ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದ ಅನುಭವವಿರುವ ತಂದೆತಾಯಂದಿರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಜಿರಲೆಗಳಿಗೆ ದೇಶಭೇದವಿಲ್ಲ.

ಸಿಮ್ಸ್ ಪಟ್ಟು ಬಿಡಲಿಲ್ಲ. ವರದಿಯ ಭಾಷೆಯನ್ನು ಬೇಕೆಂತಲೇ ಖಾರ ಮಾಡಿದ. ಪ್ರತಿಗಳನ್ನು ಬೇರೆ ಹಡಗುಗಳ ಅಧಿಕಾರಿಗಳಿಗೂ ಕಳಿಸಿದ. ಮಾತು ಹಬ್ಬಿದಾಗ ವಾಷಿಂಗ್ಟನ್ ಬಾಯಿ ಬಿಡಲೇಬೇಕಾಯಿತು. ಎರಡನೆಯ ಉತ್ತರ ಹೀಗಿತ್ತು: ನಮ್ಮ ಫಿರಂಗಿ ಬ್ರಿಟಿಷರ ಫಿರಂಗಿಗೆ ಏನೂ ಕಡಿಮೆಯಿಲ್ಲ, ಗುರಿ ತಪ್ಪಿದರೆ ಅದು ನಾವಿಕರ ತಪ್ಪು, ನಾವಿಕರಿಗೆ ತರಬೇತಿ ಕೊಡುವುದು ಹಡಗಿನ ಅಧಿಕಾರಿಗಳ ಕೆಲಸ, ಅಂದರೆ ನಿನ್ನಂಥವರ ಕೆಲಸ. ಹಾಗೂ ಮುಖ್ಯವಾಗಿ, ನೀನು ಹೇಳುವ ಪದ್ಧತಿ ಸಾಧ್ಯವೇ ಇಲ್ಲ. ಪ್ರಯೋಗ ಮಾಡಿ ನೋಡಿದ್ದೇವೆ.

ಪ್ರಯೋಗವನ್ನು ನಿಜಕ್ಕೂ ಮಾಡಿದ್ದರು. ವಾಷಿಂಗ್ಟನ್ನಿನ ನೌಕಾಂಗಳದಲ್ಲಿ ಆರು ಅಂಗುಲದ ಫಿರಂಗಿಯೊಂದನ್ನು ನಿಲ್ಲಿಸಿ, ಐವರು ಗಟ್ಟಿಮುಟ್ಟಾದ ಆಳುಗಳಿಂದ ಚಕ್ರ ತಿರುಗಿಸಿದರು. ಹಡಗು ಹತ್ತು ಸೆಕೆಂಡಿನಲ್ಲಿ ಐದು ಡಿಗ್ರಿ ಹೊರಳಿದರೆ, ಆ ಹೊರಳಿಕೆಗೆ ಸಮನಾಗಿ ಫಿರಂಗಿಯನ್ನು ಏರಿಸಿ ಇಳಿಸಲು ಐವರು ಬೆವರು ಸುರಿಸಿದರೂ ಆಗಲಿಲ್ಲ. ಅಂಕಿಗಳು ಸರಿ, ಗಡಿಯಾರ ಸರಿ, ಬೆವರೂ ಸರಿ. ಆದ್ದರಿಂದ ಸಿಮ್ಸ್ ಹೇಳಿದ್ದು ಅಸಾಧ್ಯವೆಂದು ಸಿದ್ಧವಾಯಿತು.

ಈ ಪ್ರಯೋಗದಲ್ಲಿ ತಪ್ಪೆಲ್ಲಿ? ಹೈಸ್ಕೂಲಿನ ವಿದ್ಯಾರ್ಥಿಗಳು ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಬಹುದು.

ಫಿರಂಗಿ ನಿಂತದ್ದು ನೆಲದ ಮೇಲೆ. ನೆಲದ ಮೇಲೆ ಅದನ್ನು ಅಲ್ಲಾಡಿಸಬೇಕಾದರೆ ಅದರ ಇಡೀ ಭಾರವನ್ನು ಕೈಯೇ ಎಳೆಯಬೇಕು. ಹಡಗಿನಲ್ಲಾದರೋ ಅಲ್ಲಾಡುವುದು ಹಡಗು. ಫಿರಂಗಿ ಇದ್ದಲ್ಲೇ ಇರಲು ಬಯಸುತ್ತದೆ. ನ್ಯೂಟನ್ನನ ಮೊದಲ ನಿಯಮ, ಜಡತ್ವ! ಗುರಿಕಾರ ಚಕ್ರ ತಿರುಗಿಸುವುದು ಫಿರಂಗಿಯನ್ನು ಎತ್ತುವುದಕ್ಕಲ್ಲ, ಹಡಗಿನ ಜೊತೆ ಅದು ಎದ್ದುಹೋಗದಂತೆ ಬಿಡಿಸಿಕೊಳ್ಳುವುದಕ್ಕೆ. ಬಸ್ಸಿನಲ್ಲಿ ತಂಬಿಗೆಯನ್ನು ಅಲುಗದಂತೆ ಹಿಡಿಯಬಲ್ಲ ಅಜ್ಜಿಗೆ, ಅಂಗಳದಲ್ಲಿ ನಿಂತು ಅದೇ ತಂಬಿಗೆಯನ್ನು ಬಸ್ಸಿನಷ್ಟೇ ವೇಗವಾಗಿ ಕುಲುಕು ಎಂದಂತಾಯಿತು. ನ್ಯೂಟನ್ ನಿಯಮ ಗೊತ್ತಿಲ್ಲದವರೇನೂ ಈ ಪ್ರಯೋಗ ಮಾಡಲಿಲ್ಲ. ಎಂಜಿನಿಯರಿಂಗ್ ಓದಿ ಆ ಫಿರಂಗಿಗಳನ್ನು ಮಾಡಿಸಿದ್ದವರ ಇಲಾಖೆಯೇ ಅದು. ತಾವು ಮಾಡಿದ್ದು ಸರಿ ಎಂದು ತಿಳಿಯಬೇಕಾಗಿದ್ದವರಿಗೆ ಪುಸ್ತಕದ ಮೊದಲ ಪುಟವೇ ಮರೆತುಹೋಯಿತು.

ಮೂರನೆಯ ಹಂತದಲ್ಲಿ ಬೈಗುಳ ಶುರುವಾಯಿತು. ಸಿಮ್ಸ್ ತಲೆತಿರುಕ, ಅಂಕಿಅಂಶ ತಿರುಚುವವನು ಎಂದೆಲ್ಲ ಅನ್ನಿಸಿಕೊಂಡ. ಆಗ ಅವನು ಸೈನಿಕ ಶಿಸ್ತಿನಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದ. 1901ರಲ್ಲಿ, ಮೇಲಿನವರೆಲ್ಲರನ್ನೂ ದಾಟಿ, ನೇರವಾಗಿ ರಾಷ್ಟ್ರಾಧ್ಯಕ್ಷರಿಗೇ ಪತ್ರ ಬರೆದ. ಆ ಸ್ಥಾನಕ್ಕೆ ಆಗಷ್ಟೇ ಬಂದಿದ್ದ ಥಿಯೊಡೋರ್ ರೂಸ್‌ವೆಲ್ಟ್ ಹಿಂದೆ ನೌಕಾಖಾತೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದವರು, ಕುತೂಹಲದ ಮನುಷ್ಯ. ಪತ್ರ ಓದಿದರು. 1902ರಲ್ಲಿ ಸಿಮ್ಸ್‌ನನ್ನು ಚೀನಾದಿಂದ ಕರೆಸಿ ಇಡೀ ನೌಕಾಪಡೆಯ ಗುರಿ ಅಭ್ಯಾಸದ ಮೇಲ್ವಿಚಾರಕನನ್ನಾಗಿ ಮಾಡಿದರು. 1899ರ ಆ ಅಭ್ಯಾಸ ನಡೆದು ಆರು ವರ್ಷಕ್ಕೆ, ಅದೇ 1,600 ಗಜ ದೂರದಿಂದ, 75 ಅಡಿ ಉದ್ದ 25 ಅಡಿ ಎತ್ತರದ ಗುರಿಗೆ ಒಬ್ಬನೇ ಗುರಿಕಾರ ಒಂದೇ ನಿಮಿಷದಲ್ಲಿ ಹದಿನೈದು ಗುಂಡು ತಗುಲಿಸಿದ. ಐದು ಹಡಗು, ಇಪ್ಪತ್ತೈದು ನಿಮಿಷ, ಎರಡು ಏಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ವಾಷಿಂಗ್ಟನ್ನಿನಲ್ಲಿ ಕೂತವರು ಮೂರ್ಖರೋ, ದೇಶದ್ರೋಹಿಗಳೋ? ಎರಡೂ ಅಲ್ಲ. ಈ ಪ್ರಸಂಗವನ್ನು ವಿವರವಾಗಿ ಬರೆದ ಇತಿಹಾಸಕಾರ ಎಲ್ಟಿಂಗ್ ಮಾರಿಸನ್ ಇನ್ನೊಂದು ಹಳೆಯ ಕಥೆಯನ್ನೂ ಹೇಳುತ್ತಾರೆ. 1868ರಲ್ಲಿ ಅಮೆರಿಕದ 'ವಾಂಪನೋಗ್' ಎಂಬ ಉಗಿಹಡಗು ಹದಿನೇಳು ನಾಟ್‌ಗೂ ಮಿಗಿಲಾದ ವೇಗದಲ್ಲಿ ಓಡಿತು. ಆ ನೌಕಾಪಡೆಯ ಬೇರೆ ಯಾವ ಹಡಗೂ ಮುಂದಿನ ಎರಡು ದಶಕ ಆ ವೇಗ ಮುಟ್ಟಲಿಲ್ಲ. ಆದರೆ 1869ರಲ್ಲಿ ಅಧಿಕಾರಿಗಳ ಸಮಿತಿಯೊಂದು ಅದನ್ನು ಪರಿಶೀಲಿಸಿ ಬೇಡವೆಂದಿತು. ಒಂದು ಮುಖ್ಯ ಕಾರಣ: ಹಾಯಿ ಏರಿಸಿ, ಹಗ್ಗ ಎಳೆದು, ಬಿರುಗಾಳಿಗೆ ಎದೆಯೊಡ್ಡಿ ಬೆಳೆದವನು ನಾವಿಕ; ಒಲೆಗೆ ಕಲ್ಲಿದ್ದಲು ಹಾಕುತ್ತ ಕೂತವನಿಗೆ ಆ ಧೈರ್ಯ, ಆ ಕೈಚಳಕ ಎಲ್ಲಿಂದ ಬರಬೇಕು?

ನಗು ಬರುತ್ತದೆ. ಆದರೆ ಸ್ವಲ್ಪ ನಿಂತು ನೋಡಿದರೆ ಅವರು ಕಂಡದ್ದು ಸುಳ್ಳಲ್ಲ. ಆ ಹಡಗು ಬಂದರೆ ಅವರ ಲೋಕ ಮುಗಿಯುತ್ತಿತ್ತು. ಯಾರು ಯಾರಿಗೆ ಸಲಾಮು ಹೊಡೆಯಬೇಕು, ಯಾವ ವಿದ್ಯೆಗೆ ಬೆಲೆ, ಮೂವತ್ತು ವರ್ಷ ಕಲಿತದ್ದು ಏನಾಗಬೇಕು ಎಲ್ಲವೂ ತಲೆಕೆಳಗಾಗುತ್ತಿತ್ತು. ಯಂತ್ರ ಒಂದೇ ಬರುವುದಿಲ್ಲ, ತನ್ನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತದೆ. ಅದನ್ನು ಬೇಡ ಎನ್ನುವವರು ಸಾಮಾನ್ಯವಾಗಿ ಹಳೆಯ ಕೆಲಸವನ್ನು ಚೆನ್ನಾಗಿ ಬಲ್ಲವರು. ಕೆಲಸ ಬಾರದವನಿಗೆ ಹಳೆಯದರ ಮೇಲೂ ಪ್ರೀತಿ ಇರುವುದಿಲ್ಲ.

ಮಾರಿಸನ್ ಹೇಳುವ ಮತ್ತೊಂದು ಕಥೆ ಇನ್ನೂ ಸೊಗಸಾಗಿದೆ. ಎರಡನೆಯ ಮಹಾಯುದ್ಧದ ಮೊದಲ ದಿನಗಳು. ಆಯುಧಗಳ ಅಭಾವದಿಂದ ಬ್ರಿಟಿಷರು ಹಳೆಯ ಕಾಲದ ಹಗುರ ಫಿರಂಗಿಯೊಂದನ್ನು ಹೊರತೆಗೆದು ಲಾರಿಗೆ ಕಟ್ಟಿ ಕಡಲತೀರ ಕಾಯಲು ಬಳಸುತ್ತಿದ್ದರು. ಇದನ್ನು ಇನ್ನಷ್ಟು ಬೇಗ ಹಾರಿಸಬಹುದೇ ಎಂದು ನೋಡಲು ಒಬ್ಬ ತಜ್ಞನನ್ನು ಕರೆಸಿದರು. ಅವನು ಸಿಪಾಯಿಗಳ ಚಲನವಲನವನ್ನು ಚಿತ್ರೀಕರಿಸಿ ನಿಧಾನವಾಗಿ ಓಡಿಸಿ ನೋಡಿದ. ಫಿರಂಗಿ ಹಾರುವ ಮೊದಲು ಇಬ್ಬರು ಸಿಪಾಯಿಗಳು ಎಲ್ಲ ಕೆಲಸ ನಿಲ್ಲಿಸಿ, ಗುಂಡು ಹಾರಿ ಮುಗಿಯುವವರೆಗೂ ಮೂರು ಸೆಕೆಂಡು ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದರು. ಏಕೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ತಜ್ಞ ಚಿತ್ರವನ್ನು ಒಬ್ಬ ಮುದಿ ಕರ್ನಲ್‌ಗೆ ತೋರಿಸಿದ. ಅವರಿಗೂ ಮೊದಲು ಹೊಳೆಯಲಿಲ್ಲ. ಮತ್ತೊಮ್ಮೆ ನೋಡಿದ ಮೇಲೆ ಮುಖ ಅರಳಿತು: ಅವರಿಬ್ಬರೂ ಕುದುರೆ ಹಿಡಿದುಕೊಂಡಿದ್ದಾರೆ! ಫಿರಂಗಿಯನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ, ಸದ್ದಿಗೆ ಬೆದರಿ ಓಡದಂತೆ ಇಬ್ಬರು ಲಗಾಮು ಹಿಡಿದು ನಿಲ್ಲಬೇಕಿತ್ತು. ಕುದುರೆಗಳು ಹೋಗಿ ಲಾರಿ ಬಂತು. ಲಗಾಮು ಹಿಡಿಯುವ ಕೈಗಳು ಉಳಿದುಕೊಂಡವು.

ಕುದುರೆಯ ಮಾತು ಬಂದ ಮೇಲೆ ಮೈಸೂರನ್ನು ಬಿಡುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, ಮಷೀನ್ ಗನ್ನಿನ ಎದುರು ಕುದುರೆ ದಂಡಿಗೆ ಕೆಲಸವಿಲ್ಲ ಎಂಬುದು ಫ್ರಾನ್ಸಿನ ಕಂದಕಗಳಲ್ಲಿ ಸ್ಪಷ್ಟವಾಗಿತ್ತು. ಅಷ್ಟರಲ್ಲಿ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್‌ಗಳು ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿದರು. ಎದುರಿಗೆ ಫಿರಂಗಿಗಳಿದ್ದವು, ಮಷೀನ್ ಗನ್‌ಗಳಿದ್ದವು. ಸಂಜೆಯೊಳಗೆ ಪಟ್ಟಣ ವಶವಾಯಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಈಗ ಹೇಳಿ, ಕುದುರೆಯನ್ನು ಬಿಡದವರು ಮೂಢರೇ? ಆ ದಿನ ಅಲ್ಲ. ತೊಂದರೆ ಆಮೇಲಿನದು. ಪ್ಯಾಲೆಸ್ಟೈನಿನ ಗೆಲುವುಗಳನ್ನೇ ತೋರಿಸಿ, ಕುದುರೆ ದಂಡಿನ ಕಾಲ ಇನ್ನೂ ಮುಗಿದಿಲ್ಲವೆಂದು ಬ್ರಿಟಿಷ್ ಸೇನೆಯ ಹಿರಿಯರು ವರ್ಷಗಟ್ಟಲೆ ವಾದಿಸಿದರು. ಭಾರತದ ಅಶ್ವದಳಗಳಿಗೆ ಯಂತ್ರವಾಹನ ಬರತೊಡಗಿದ್ದು 1938ರ ಹೊತ್ತಿಗೆ, ಹಿಟ್ಲರನ ಟ್ಯಾಂಕುಗಳು ಸಿದ್ಧವಾಗಿ ನಿಂತಾಗ. ಹಳೆಯದು ಒಮ್ಮೆ ಗೆದ್ದುಬಿಟ್ಟರೆ ಅದನ್ನು ಬಿಡುವುದು ಸೋತಾಗ ಬಿಡುವುದಕ್ಕಿಂತ ಕಷ್ಟ. ಸ್ಯಾಂಟಿಯಾಗೊದಲ್ಲಿ ಆದದ್ದೂ ಅದೇ ತಾನೆ?

ಕಚೇರಿಗಳ ಕಥೆಯೂ ಬೇರೆಯಲ್ಲ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಹೀಗೆ ನಾಲ್ಕು ದೊಡ್ಡ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಕರಾವಳಿಯಲ್ಲಿ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಮಾತು ಬಂದಾಗ, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದಾಗ, ನೌಕರರ ಸಂಘಗಳು ಪ್ರತಿಭಟಿಸಿದವು. ಮನೆಯಲ್ಲಿ ಆ ಕಾಲದ ನಿವೃತ್ತ ಗುಮಾಸ್ತರಿದ್ದರೆ ಕೇಳಿ ನೋಡಿ. ಯಾವ ಖಾತೆ ಯಾವ ಲೆಡ್ಜರಿನ ಎಷ್ಟನೇ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವರು, ಸಹಿ ನೋಡಿದೊಡನೆ ಮನುಷ್ಯನ ಊರು ಹೇಳುತ್ತಿದ್ದವರು ಅವರು. ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಏಳುತ್ತಿರಲಿಲ್ಲ. ಅವರ ಭಯ ಕೆಲಸ ಹೋದೀತೆಂಬುದು ಮಾತ್ರವಲ್ಲ, ತಮ್ಮ ಈ ನಿಪುಣತೆಗೆ ಇನ್ನು ಯಾರು ಬೆಲೆ ಕೊಡುತ್ತಾರೆ ಎಂಬುದೂ ಹೌದು. ಮಗನ ಕೈಯಲ್ಲಿ ಕ್ಯಾಲ್ಕುಲೇಟರ್ ಕಂಡರೆ ಸಿಡುಕುವ ತಂದೆಯ ಮನಸ್ಸಿನಲ್ಲೂ ಇದೇ ಇರಬಹುದು.

ಕಂಪ್ಯೂಟರ್ ಬಂದ ಮೇಲೂ ಹಲವು ಶಾಖೆಗಳಲ್ಲಿ ಸ್ವಲ್ಪ ಕಾಲ ಕೈಬರಹದ ಲೆಡ್ಜರೂ ಜೊತೆಯಲ್ಲಿ ನಡೆಯಿತು. ಕುದುರೆ ಇಲ್ಲದೆ ಲಗಾಮು ಹಿಡಿಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಏಕೆ ಎರಡೆರಡು ಎಂದು ಕೇಳಿದರೆ ಅಲ್ಲಿ ಉತ್ತರವಿತ್ತು: ಯಂತ್ರದ ಲೆಕ್ಕ ಸರಿಯಿದೆಯೇ ಎಂದು ಖಾತ್ರಿಯಾಗುವವರೆಗೆ. ಸಿಪಾಯಿಗಳನ್ನು ಕೇಳಿದಾಗ ಉತ್ತರವೇ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಮೊದಲ ವಾರದಲ್ಲೇ ಈ ಏಕೆ ಎಂಬುದನ್ನು ಕೇಳಬಹುದು, ಕೇಳುವ ದನಿ ಮಾತ್ರ ಮೆತ್ತಗಿರಲಿ. ಸಿಮ್ಸ್‌ನ ಖಾರದ ಭಾಷೆ ಅವನಿಗೆ ದಕ್ಕಿತು, ಏಕೆಂದರೆ ಪತ್ರ ಓದುವ ಒಬ್ಬ ರಾಷ್ಟ್ರಾಧ್ಯಕ್ಷರಿದ್ದರು. ಎಲ್ಲ ಕಚೇರಿಗಳಿಗೂ ರೂಸ್‌ವೆಲ್ಟ್ ಸಿಗುವುದಿಲ್ಲ. ಇಷ್ಟಾಗಿ ಸಿಮ್ಸ್‌ಗೆ ಕೆಡುಕೇನೂ ಆಗಲಿಲ್ಲ. ಮುಂದೆ ಅಡ್ಮಿರಲ್ ಆಗಿ, ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿನ ಕಡಲಿನ ಅಮೆರಿಕನ್ ನೌಕಾಬಲವನ್ನು ನಡೆಸಿದ. ಆ ಯುದ್ಧದ ಬಗ್ಗೆ ಬರೆದ ಪುಸ್ತಕಕ್ಕೆ 1921ರಲ್ಲಿ ಪುಲಿಟ್ಜರ್ ಬಹುಮಾನವೂ ಬಂತು.

ಪರ್ಸಿ ಸ್ಕಾಟ್ ಅವರ ಕಥೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ದೊಡ್ಡ ಫಿರಂಗಿಗೆ ಗುರಿ ಕಲಿಸಿದ ಈ ಮನುಷ್ಯ, 1914ರ ಜೂನ್ ತಿಂಗಳಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಒಂದು ಪತ್ರ ಬರೆದರು. ಜಲಾಂತರ್ಗಾಮಿ ಬಂದ ಮೇಲೆ ದೊಡ್ಡ ಫಿರಂಗಿ ಹೊತ್ತ ದೊಡ್ಡ ಹಡಗುಗಳ ಕಾಲ ಮುಗಿಯಿತು ಎಂಬುದು ಅದರ ಸಾರ. ತಾನು ಬಾಳಿಡೀ ಮಾಡಿದ ಕೆಲಸವನ್ನೇ ಅವರು ತಳ್ಳಿಹಾಕುತ್ತಿದ್ದರು. ಇದನ್ನು ಮಾಡಬಲ್ಲವರು ಅಪರೂಪ. ನೌಕಾಪಡೆಯ ಹಿರಿಯರು ಹಾಸ್ಯ ಮಾಡಿದರು, ಕೆಲವರು ಸಿಟ್ಟಾದರು.

ಯುದ್ಧ ಆಗಸ್ಟಿನಲ್ಲಿ ಶುರುವಾಯಿತು. ಸೆಪ್ಟೆಂಬರ್ 22ರ ಬೆಳಿಗ್ಗೆ ಹಾಲೆಂಡಿನ ಕರಾವಳಿಯ ಆಚೆ 'ಅಬೂಕಿರ್', 'ಹೋಗ್', 'ಕ್ರೆಸ್ಸಿ' ಎಂಬ ಮೂರು ಹಳೆಯ ಬ್ರಿಟಿಷ್ ಕ್ರೂಸರುಗಳು ನಿಧಾನವಾಗಿ, ಒಂದೇ ನೇರದಲ್ಲಿ ಸಾಗುತ್ತ ಗಸ್ತು ತಿರುಗುತ್ತಿದ್ದವು. ಜಲಾಂತರ್ಗಾಮಿಯ ಕಣ್ಣು ತಪ್ಪಿಸಲು ಅಂಕುಡೊಂಕಾಗಿ ಚಲಿಸಬೇಕೆಂಬ ಸಲಹೆಯನ್ನು ಅವು ಪಾಲಿಸುತ್ತಿರಲಿಲ್ಲ. ಮೊದಲು 'ಅಬೂಕಿರ್'ಗೆ ಏಟು ಬಿತ್ತು. ನೀರಿನಲ್ಲಿಟ್ಟ ಸ್ಫೋಟಕ ತಗುಲಿರಬೇಕೆಂದು ಭಾವಿಸಿ, ಮುಳುಗುತ್ತಿರುವ ಸಂಗಾತಿಗಳನ್ನು ಬಿಟ್ಟು ಹೋಗಬಾರದೆಂಬ ಕಡಲಿನ ಪುರಾತನ ಧರ್ಮದಂತೆ ಉಳಿದೆರಡೂ ಹತ್ತಿರ ಬಂದು ನಿಂತವು. ನಿಂತ ಹಡಗಿಗಿಂತ ಸುಲಭದ ಗುರಿ ಇನ್ನೊಂದಿಲ್ಲ. ಜರ್ಮನಿಯ ಒಂದೇ ಒಂದು ಪುಟ್ಟ ಜಲಾಂತರ್ಗಾಮಿ ಒಂದೂವರೆ ಗಂಟೆಯೊಳಗೆ ಮೂರನ್ನೂ ಮುಳುಗಿಸಿತು. ಸತ್ತವರು ಸಾವಿರದ ನಾನೂರಕ್ಕೂ ಹೆಚ್ಚು. ಅಂಥ ಸಮಯದಲ್ಲಿ ದೊಡ್ಡ ಹಡಗುಗಳು ನಿಲ್ಲಬಾರದೆಂಬ ಆಜ್ಞೆ ಹೊರಟಿದ್ದು ಆಮೇಲೆ. ಆ ಹಡಗುಗಳಲ್ಲಿ ನೌಕಾಶಾಲೆಯಿಂದ ನೇರವಾಗಿ ಕರೆತಂದ, ಇನ್ನೂ ಮೀಸೆ ಮೂಡದ ಕೆಡೆಟ್‌ಗಳಿದ್ದರು. ಅವರಲ್ಲಿ ಹದಿನೈದು ವರ್ಷದ ಒಬ್ಬ ಹುಡುಗ 'ಅಬೂಕಿರ್'ನಿಂದ ನೀರಿಗೆ ಹಾರಿ 'ಹೋಗ್' ಕಡೆ ಈಜಿದ. ಅದು ಮುಳುಗಿದಾಗ 'ಕ್ರೆಸ್ಸಿ'ಗೆ ಈಜಿದ. ಅದೂ ಮುಳುಗಿದಾಗ ಒಂದು ಮರದ ತುಂಡು ಹಿಡಿದು ತೇಲುತ್ತ ಬದುಕಿ ಉಳಿದ.